ಕೆಂಡ ಕೊಟ್ಟ ಮನೆ

ಆ ದಿನಗಳಲ್ಲಿ ನನಗೆ ಹತ್ತು ವರ್ಷ, ನನ್ನ ಹೆದರಿಕೆಗೆ ಮಾತ್ರ ಅರವತ್ತು. ಆ ಬೆಳಗ್ಗೆ ಏನೇನು ಕೆಡಬಹುದಿತ್ತು ಎಂದು ಈಗಲೂ ಬೆರಳು ಮಡಚಿ ಹೇಳಬಲ್ಲೆ. ಗಾಳಿಗೆ ಕಿಡಿ ಹಾರಿ ತೆಂಗಿನ ಗರಿಯ ಸೂರು ಹತ್ತಿಕೊಳ್ಳಬಹುದಿತ್ತು. ಕಾಲೆಡವಿ ಕೆಂಡವೆಲ್ಲ ನನ್ನ ಲಂಗದ ಮೇಲೆ ಬೀಳಬಹುದಿತ್ತು. ಸಾಹೇಬರು ಮಡಕೆಯ ಮುಚ್ಚಳ ತೆಗೆದು ಒಳಗೆ ಬರೀ ನೀರು ಕಾಣಬಹುದಿತ್ತು. "ಈ ಮನೆಯವರೆಲ್ಲಿ ಮಗು?" ಎಂದು ಕೇಳಿದರೆ ನನ್ನ ಬಾಯಿಂದ ನಿಜ ಉದುರಿಬಿಡಬಹುದಿತ್ತು. ಇದಾವುದೂ ಆಗಲಿಲ್ಲ.

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯ ನಮ್ಮ ಮಿಲ್ಲುಪಾಳ್ಯ ಮೊದಲು ಬರೀ ಕಲ್ಲು ಬಯಲು. ಕಡಲೆಕಾಯಿ ಮಿಲ್ಲು ಬಂತು. ಕೆಲಸಕ್ಕೆ ಗಡಿಯಾಚೆಯಿಂದ ಜನ ಬಂದರು. ಎಲ್ಲರಿಗಿಂತ ಮುಂಚೆ ಬಂದವರು ನನ್ನ ಅಪ್ಪ, ಅವ್ವ. ಮೊದಲ ಸಂಜೆ ಅವ್ವ ಪಕ್ಕದ ಮೇಲೂರಿಗೆ ಹೋಗಿ ಒಲೆಗೆ ಕೆಂಡ ಕೇಳಿದಳಂತೆ. ಕೊಡಲಿಲ್ಲ. ಕಡ್ಡಿ ಗೀರಿ ಒಲೆ ಹಚ್ಚಿದವಳು ಅವತ್ತೇ ಹಟ ಹಿಡಿದಳು: ಇನ್ನು ಇಲ್ಲಿಗೆ ಯಾರೇ ಬರಲಿ, ಅವರಿಗಿಂತ ಮುಂಚೆ ಬಂದ ಮನೆಯಿಂದ ಅವರಿಗೆ ಕೆಂಡ ಹೋಗಬೇಕು. ಹೀಗೆ ಊರಿನ ಚರಿತ್ರೆ ಮಕ್ಕಳ ಬಾಯಲ್ಲೇ ಇತ್ತು. ಕುಂಟೆಬಿಲ್ಲೆ ಆಡುತ್ತಾ, "ನಿಮ್ಗೆ ಯಾರೇ ಕೊಟ್ರು?" "ಸುಬ್ಬಕ್ಕ." "ಸುಬ್ಬಕ್ಕಂಗೆ?" ಎಂದು ಕೇಳುತ್ತಾ ಹೋದರೆ ಕೊನೆಗೆ ನಮ್ಮ ಒಲೆಗೇ ಬಂದು ನಿಲ್ಲುತ್ತಿತ್ತು. ನನಗೆ ಜಂಬವೋ ಜಂಬ.

ಆ ಬೇಸಿಗೆ, ಇಲ್ಲೇ ನೆಲೆನಿಂತವರಿಗೆ ಮನೆಯ ಹಕ್ಕುಪತ್ರ ಕೊಡುತ್ತಾರೆ ಎಂದಾಯಿತು. ಮೇಲೂರಿನ ದೊಡ್ಡವರು ತಾಲ್ಲೂಕು ಕಚೇರಿಯ ಸಾಹೇಬರ ಕಿವಿಗೆ ಹಾಕಿದ್ದರು: "ಅವ್ರು ನಿಲ್ಲೋ ಜನ ಅಲ್ಲ ಸಾರ್. ಕಾಯಿ ಮುಗುದ್ರೆ ಗಂಟು ಕಟ್ತಾರೆ." ಬೆಳಗ್ಗೆ ಬರುತ್ತೇನೆ, ಒಲೆ ಉರಿಯುವ ಮನೆಯನ್ನಷ್ಟೇ ಬರೆದುಕೊಳ್ಳುತ್ತೇನೆ ಎಂದು ಸಾಹೇಬರು ಹೇಳಿ ಕಳಿಸಿದರು. ಮಿಲ್ಲು ನಿಂತಿತ್ತು. ಹದಿನಾಲ್ಕು ಮನೆಯವರು ಇಟ್ಟಿಗೆ ಗೂಡಿನ ಕೆಲಸಕ್ಕೆ ಸಿರಾ ಕಡೆ ಹೋಗಿದ್ದರು. ಮಳೆ ಬೀಳುವ ಹೊತ್ತಿಗೆ ವಾಪಸು ಬರುವವರು.

"ಬರೋರ ಮನೆ ಹೆಂಗ್ ಬುಟ್ಟಾಕದು? ಅವ್ರ ಒಲೇನೂ ಹಚ್ಚಾನ," ಅಂದಳು ಅವ್ವ.

ಸುಬ್ಬಕ್ಕ ಬೆಂಕಿಪೊಟ್ಟಣ ತೆಗೆದಳು.

"ಒಳಗಿಡೇ ಅದ್ನ. ಕಡ್ಡಿ ಗೀರೋರು ಯಾರೂ ಇಲ್ದೋರು. ನಮ್ಮೊಲೆ ಕೆಂಡ ಹೋಗ್ಲಿ."

"ಅಲ್ಲಕ್ಕ, ಸಿಕ್ಕಾಕ್ಕೊಂಡ್ರೆ?"

"ಸಿಕ್ಕಾಕ್ಕೊಂಡ್ರೆ ಏನ್ಮಾಡಾರು? ಊರಿಂದ ಆಚಿಗ್ ಹಾಕ್ತಾರಾ? ಇದು ಊರೇ ಅಲ್ಲ ಅಂತಾರಲ್ಲ!"

ಬೇಸಿಗೆಯಲ್ಲಿ ಎಲ್ಲರ ಒಲೆಯೂ ಬಾಗಿಲ ಮುಂದೆ. ಹೆಂಗಸರು ನೀರು ತುಂಬಿದ ಮಡಕೆ ಇಡುತ್ತಾ ಹೋದರು. ನಾನು ಒಡೆದ ಮಡಕೆಯ ಚೂರಿನಲ್ಲಿ ಕೆಂಡ ಹೊತ್ತು ಓಡಿದೆ, ಮತ್ತೆ ಬಂದೆ, ಮತ್ತೆ ಓಡಿದೆ. ಕಡಲೆಕಾಯಿ ಹೊಟ್ಟಿನ ಹೊಗೆ, ಹುರಿದ ಕಾಯಿಯ ಘಮ, ಇಡೀ ಬಯಲಿಗೆ ಹಬ್ಬದ ಹುರುಪು. ಸಾಹೇಬರು ಕಣ್ಣುಜ್ಜಿಕೊಳ್ಳುತ್ತಾ ಒಂದೊಂದೇ ಒಲೆ ಬರೆದುಕೊಂಡು ಕೊನೆಗೆ ನಮ್ಮ ಬಾಗಿಲಿಗೆ ಬಂದರು.

ನಮ್ಮ ಒಲೆಯಲ್ಲಿ ಬೂದಿ. ಕಡೆಯ ಕೆಂಡವನ್ನೂ ನಾನೇ ಬಾಚಿ ಒಯ್ದಿದ್ದೆ.

"ಇದು ತಣ್ಣಗಿದೆಯಲ್ಲಮ್ಮ."

"ನಾನು ಬಿಸಿಯಾಗೇ ಇದೀನಲ್ಲ ಸಾಮಿ."

"ನಾನು ಬರೆಯೋದು ಒಲೆ ನೋಡಿ," ಎಂದು ಸಾಹೇಬರು ಪುಸ್ತಕ ಮುಚ್ಚಿದರು. ಇಲ್ಲದ ಹದಿನಾಲ್ಕು ಮನೆಯವರು ಅದರೊಳಗಿದ್ದರು. ಎದುರಿಗೆ ನಿಂತಿದ್ದ ಅವ್ವ ಇರಲಿಲ್ಲ.

ನಾನು ಬಾಯಿ ತೆರೆದೆ. ಅವ್ವ ಜಡೆ ಹಿಡಿದು ಜಗ್ಗಿ ಪಿಸುಗುಟ್ಟಿದಳು: "ಸುಮ್ಕಿರು ಲೇ. ನೀ ಬಾಯ್ಬುಟ್ರೆ ಹದ್ನಾಲ್ಕು ಮನೆ ಹೋಗ್ತವೆ."

ಜೀಪು ಹೋಯಿತು. ನಾನು ಅಳತೊಡಗಿದೆ. ಅವ್ವ ಬೆಂಕಿಪೊಟ್ಟಣ ಮುಟ್ಟಲಿಲ್ಲ. ನನ್ನ ಕೈಯ ಚೂರು ಕಸಿದುಕೊಂಡು, ಊರಿಗೆ ಎಲ್ಲರಿಗಿಂತ ಕೊನೆಗೆ ಬಂದಿದ್ದ ನರಸಮ್ಮನ ಬಾಗಿಲಿಗೆ ಹೋದಳು.

"ಕೆಂಡ ಕೊಡಮ್ಮ. ಇವತ್ತಿಂದ ನಾವೇ ಹೊಸಬ್ರು."

"ಅಯ್ಯೋ, ನೀವಾ ಅಕ್ಕ?" ನರಸಮ್ಮ ಒಲೆಯಿಂದ ಕೆಂಡ ಬಾಚಿ ಚೂರಿಗೆ ಹಾಕಿದಳು.

"ಈಗೇನ್ ಮಾಡಾದವ್ವ?" ಎಂದೆ ನಾನು.

"ಏನ್ಮಾಡಾದು? ಮುದ್ದೆಗೆ ಎಸ್ರಿಡಾದು. ಅವ್ನು ಬರ್ಕೊಳ್ದಿದ್ರೆ ನಮಗೆ ಹಸಿವಾಗಲ್ವಾ?"

ಬಹಳ ವರ್ಷ ಕಚೇರಿಗೆ ಅಲೆದ ಮೇಲೆ ನಮಗೂ ಹಕ್ಕುಪತ್ರ ಬಂತು. ಮೊದಲು ಬಂದ ಮನೆಗೆ ಊರಿನ ಕೊನೆಯ ನಂಬರು. ಬದಲಾಯಿಸಿಕೊಡುತ್ತೇವೆ ಎಂದವರಿಗೆ ಅವ್ವ ಬೇಡ ಅಂದಳು. ಅವಳು ಹೋದ ಮೇಲೆ ನಾನೂ ಬೇಡ ಅಂದೆ. ಮಿಲ್ಲು ಮುಚ್ಚಿದೆ. ಈಗ ಬಸ್ಸು ನಿಲ್ಲುತ್ತದೆ, ಎರಡು ಬೇಕರಿ ಇವೆ, ತಿರುಮಣಿ ಕಡೆಯ ಸೋಲಾರ್ ಕೆಲಸಕ್ಕೆ ಬಂದ ಹುಡುಗರು ಬಾಡಿಗೆಗೆ ಇದ್ದಾರೆ. ಅವರು ಬಂದು ಕೇಳುವುದು ಚಾರ್ಜರು. ಎಲ್ಲರ ಮನೆಯಲ್ಲೂ ಗ್ಯಾಸು; ಯಾರ ಹಿಂದೆ ಯಾರು ಬಂದರೆಂದು ಮಕ್ಕಳನ್ನು ಕೇಳಿದರೆ ಮುಖ ನೋಡುತ್ತಾರೆ. "ಇವ್ರೆಲ್ಲ ನಿಲ್ಲೋ ಜನ ಅಲ್ಲ" ಎಂದು ಮೊನ್ನೆ ಬೇಕರಿ ಮುಂದೆ ಆ ಬಾಡಿಗೆ ಹುಡುಗರನ್ನು ತೋರಿಸಿ ಯಾರೋ ಅಂದರು. ಅಂದವರು ಸುಬ್ಬಕ್ಕನ ಮೊಮ್ಮಗ. ನಿಮ್ಮಜ್ಜಿಗೆ ಕೆಂಡ ಕೊಟ್ಟವರು ಯಾರು ಗೊತ್ತೇನೋ ಎಂದು ಅಲ್ಲೇ ಜಗಳಕ್ಕೆ ನಿಂತೆ. ಚಹಾ ಆರಿತು.

ಅವ್ವನಿಗೆ ಕೊನೆಯವರೆಗೂ ಹೇಳದೆ ಉಳಿದದ್ದು ಒಂದೇ. ಆ ಬೆಳಗ್ಗೆ ಒಂದೊಂದು ಮನೆಗೆ ಎರಡೇ ಕೆಂಡ ಸಾಕು ಅಂದಿದ್ದಳು. ಎಲ್ಲಿ ಆರಿಹೋದೀತೋ ಎಂದು ನಾನು ನಾಲ್ಕು ನಾಲ್ಕು ಒಯ್ದಿದ್ದೆ.