ಲೋರ್ನಾಳ ಹೊದಿಕೆ ತರಲು ಪಾರ್ಕ್ ರಾಯಲ್‌ಗೆ

ಕೆಂಟನ್‌ನಿಂದ ಪಾರ್ಕ್ ರಾಯಲ್‌ಗೆ ಹೋಗುವುದನ್ನು ಯಾರೂ ಪ್ರವಾಸ ಎನ್ನುವುದಿಲ್ಲ. ಟ್ಯೂಬ್ ರೈಲಿನಲ್ಲಿ ಹಾರ್ಲೆಸ್ಡನ್‌ವರೆಗೆ ಐದು ಸ್ಟೇಷನ್, ಆಮೇಲೆ ಗೋದಾಮುಗಳ ನಡುವೆ ನಡಿಗೆ. ಆ ಶನಿವಾರ ಜಿಟಿಜಿಟಿ ಮಳೆ ಬೇರೆ. ಜೊತೆಗಿದ್ದವಳು ಲೋರ್ನಾ. ನಾನು ಫಾರ್ಮಸಿಯಲ್ಲಿ ಕೆಲಸ ಮಾಡುವ ಆಸ್ಪತ್ರೆಯಲ್ಲೇ ಅವಳು ನರ್ಸ್; ಫಿಲಿಪೀನ್ಸಿನ ಬೆಟ್ಟಸೀಮೆಯ ತಿಂಗಿಯನ್ ಜನದವಳು.

ಊರಿನಲ್ಲಿ ಅವಳ ತಾಯಿ ಕೊನೆಗಾಲದಲ್ಲಿ ಹಾಸಿಗೆ ಹಿಡಿದಿದ್ದಳು. ಅವರಲ್ಲಿ ಸತ್ತವರನ್ನು ಕೂರಿಸಿ, ಬೆನ್ನ ಹಿಂದೆ ಮನೆಯಲ್ಲಿ ನೇಯ್ದ ಹೊದಿಕೆಯನ್ನು ತೆರೆಯಂತೆ ಕಟ್ಟುವ ಪದ್ಧತಿ. ತನಗೆಂದು ತಾನೇ ನೇಯ್ದು, ಕುದುರೆ ಸವಾರರ ಕಸೂತಿ ಹಾಕಿ, "ನೀನೇ ತಂದು ಕಟ್ಟಬೇಕು" ಎಂದು ತಾಯಿ ಅದನ್ನು ಮಗಳ ಕೈಗೆ ಕೊಟ್ಟಿದ್ದಳು. ನಮ್ಮ ಪಕ್ಕದ ಮನೆಯ ಶೈಲಜಕ್ಕನ ಮಗಳು ಅನನ್ಯ ಹಳೆಯ ನೇಯ್ಗೆಗಳಿಂದ ಹೊಸ ಕಾಲದ ಉಡುಪು ಮಾಡುತ್ತಾಳೆ. ವಿನ್ಯಾಸ ನೋಡಿ ವಾಪಸು ಕೊಡುತ್ತೇನೆಂದು ಲೋರ್ನಾಳಿಂದ ಹೊದಿಕೆಯನ್ನು ಒಯ್ದಿದ್ದಳು. ಲೋರ್ನಾಳ ವಿಮಾನ ಸೋಮವಾರ.

ಅಂದು ಅನನ್ಯಳ ಸ್ಟುಡಿಯೋದಲ್ಲಿ ಪ್ರದರ್ಶನ. ಪಕ್ಕದ ಕಾರ್ಖಾನೆಯ ಬ್ರೆಡ್ಡಿನ ವಾಸನೆ ಒಳಗೂ ತುಂಬಿತ್ತು. ದೆವ್ವಗಳ ಕಣ್ಣು ಕಟ್ಟಲೆಂದು ಲೋರ್ನಾಳ ಜನ ನೇಯುವ ಸುಳಿಯ ವಿನ್ಯಾಸವನ್ನು ಅನನ್ಯ ಕೂರುವ ದಿಂಬುಗಳ ಮೇಲೆ ಅಚ್ಚು ಹಾಕಿಸಿದ್ದಳು. ಧಾರವಾಡದ ಶೈಲಜಕ್ಕ ಬಂದವರಿಗೆಲ್ಲ ಗಿರಮಿಟ್ ಹಂಚುತ್ತಿದ್ದರು.

ಲೋರ್ನಾ ಹೊದಿಕೆ ಕೇಳಿದಳು. ಅನನ್ಯ ನಗುತ್ತಾ ಹ್ಯಾಂಗರಿನಿಂದ ಒಂದು ಜಾಕೆಟ್ ಇಳಿಸಿದಳು. "ತುಂಬಾ ಹಳೆಯದಾಗಿತ್ತು, ಹೊಸ ಜೀವ ಕೊಟ್ಟೆ. ಇದು ನಿಮಗೇ ಉಡುಗೊರೆ," ಎಂದಳು ಇಂಗ್ಲಿಷಿನಲ್ಲಿ.

ಜಾಕೆಟ್ಟಿನ ತೋಳಿನ ಮೇಲಿದ್ದ ಕುದುರೆಯೊಂದನ್ನು ಲೋರ್ನಾ ಬೆರಳಿನಿಂದ ಮುಟ್ಟಿ ನೋಡಿದಳು.

"ಯಾಕ ಮಾರಿ ಸಣ್ಣ ಮಾಡ್ಯಾಳ ಆಕಿ?" ಶೈಲಜಕ್ಕ ನನ್ನನ್ನು ಕೇಳಿದರು. "ನಾವು ಅವ್ವನ ಸೀರಿ ಹರದು ಕೌದಿ ಹೊಲಿಯೂದಿಲ್ಲೇನು? ಹಳೇ ಅರಿವಿಗೆ ಮರ್ಯಾದಿ ಅಂದ್ರ ಅದ."

"ಕೌದಿ ಬದುಕಿರೋರು ಹೊದೆಯೋಕೆ ಅಕ್ಕ. ಇದು ಅವರಮ್ಮ ಸತ್ತಾಗ ಕಟ್ಟೋಕೆ ಇಟ್ಟಿದ್ದು. ಕತ್ತರಿ ಹಾಕೋ ಮುಂಚೆ ಒಂದು ಮಾತು ಕೇಳಬಾರದಿತ್ತಾ?"

ಶೈಲಜಕ್ಕ ಗಿರಮಿಟ್ ತಟ್ಟೆಯನ್ನು ಕೆಳಗಿಟ್ಟರು. ಅನನ್ಯ ಸಾರಿ, ಸಾರಿ ಎಂದಳು. ಗೋಡೆಯ ಮೇಲೆ ಮಾತ್ರ 'ಪರಂಪರೆಗೆ ನಮನ' ಎಂದು ಬರೆದುಕೊಂಡಿದ್ದರು.

ಜಾಕೆಟ್ಟಿನ ಜೊತೆಗೆ ಹೊಲಿಗೆ ಬಿಚ್ಚುವ ಬ್ಲೇಡೊಂದನ್ನು ಅನನ್ಯಳ ಮೇಜಿನಿಂದ ಎತ್ತಿಕೊಂಡು ಲೋರ್ನಾ ಹೊರಟಳು. ವಾಪಸು ಟ್ಯೂಬಿನಲ್ಲಿ ವೆಂಬ್ಲಿ ದಾಟುವಷ್ಟರಲ್ಲಿ ತೋಳುಗಳು ಬಿಚ್ಚಿಬಂದವು. ತುಂಡುಗಳನ್ನು ನಮ್ಮಿಬ್ಬರ ತೊಡೆಯ ಮೇಲೆ ಜೋಡಿಸಿ ನೋಡಿದೆವು. ಒಂದು ಕುದುರೆಯ ಮೇಲೆ ಸವಾರನಿರಲಿಲ್ಲ. ಜಾಕೆಟ್ಟಿನ ಕುತ್ತಿಗೆಗೆಂದು ಕತ್ತರಿಸಿದ ಜಾಗ ಅದು.

"ಹೊದಿಕೆ ಜೋಪಾನವಾಗಿದೆಯಾ ಅಂತ ಅಮ್ಮ ಬೆಳಿಗ್ಗೆ ಫೋನಿನಲ್ಲಿ ಕೇಳಿದಳು," ಎಂದಳು ಲೋರ್ನಾ. "ಇದೆ ಅಂದೆ."

ಕೆಂಟನ್ ಬಂತು. ನಾವು ಇಳಿಯಲಿಲ್ಲ. ಇನ್ನೂ ಒಂದು ಭುಜದ ಹೊಲಿಗೆ ಬಿಚ್ಚುವುದಿತ್ತು.