ಚೀಲದಕ್ಕ ಹೊಲಿದ ಹಾಸಿಗೆ

ಹೆಸರು ಹಿಡಿದು ಕೇಳಿದರೆ ಆ ಬೀದಿಯಲ್ಲಿ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ಚೀಲದಕ್ಕ ಎನ್ನಿ, ಬೀದಿನಾಯಿಯೂ ಬಾಲ ಅಲ್ಲಾಡಿಸುತ್ತ ಮನೆ ತೋರಿಸೀತು. ಗಂಡ ಮೂವತ್ತು ವರ್ಷ ಆಸ್ಬೆಸ್ಟಸ್ ಶೀಟಿನ ಕಾರ್ಖಾನೆಯಲ್ಲಿ ಕಲ್ನಾರನ್ನು ಸಿಮೆಂಟಿಗೆ ಕಲಸುವ ಕೆಲಸದಲ್ಲಿದ್ದವನು. ಕಲ್ನಾರು ಸುರಿದ ಮೇಲೆ ಖಾಲಿ ಚೀಲ ಕಾರ್ಖಾನೆಗೆ ಬೇಡ, ಬೇಕಾದವರು ಒಯ್ಯಬಹುದು. ವಾರಕ್ಕೆ ನಾಲ್ಕೈದು ಮಡಚಿ ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದ. ಎಂಥ ಚೀಲ ಅಂತೀರಿ! ಎಳೆದರೆ ಹರಿಯದು, ಒಗೆದರೆ ಸವೆಯದು. ಆಕೆ ಅದನ್ನು ಒಳಹೊರಗು ಮಾಡಿ, ಹಿಂದಿನ ಗೋಡೆಗೆ ಪಟಪಟನೆ ಬಡಿಯುವಳು. ಬಿಳಿ ಹುಡಿ ಹಾರುವಾಗ ಮುಖ ಆಚೆ ತಿರುಗಿಸಿಕೊಂಡರೆ ಮುಗಿಯಿತು. ಆಮೇಲೆ ಹೊಲಿಗೆ ಯಂತ್ರ. ಕಿಟಕಿಗೆ ಪರದೆ, ಬಾಗಿಲಿಗೆ ಕಾಲೊರಸು, ಹಾಸಿಗೆಗೆ ಹೊದಿಕೆ. ಕೇಳಿದವರಿಗೆ ಇಲ್ಲ ಎಂದವಳೇ ಅಲ್ಲ.

ಎರಡು ವರ್ಷದಿಂದ ಒಣಕೆಮ್ಮು ಆಕೆಯ ಬೆನ್ನು ಹತ್ತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಬಾಯಿಗೆ ಬರುತ್ತಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಎದೆಯ ಫಿಲ್ಮನ್ನು ಬೆಳಕಿಗೆ ಹಿಡಿದು ಕೇಳಿದರು.

"ಫ್ಯಾಕ್ಟರಿಯಲ್ಲಿ ಎಷ್ಟು ವರ್ಷ ಇದ್ರಿ?"

"ನಾನಾ? ಗೇಟಿನ ಒಳಗೆ ಕಾಲೇ ಇಟ್ಟವಳಲ್ಲ."

"ಮತ್ತೆ ಇಷ್ಟೊಂದು ಧೂಳು ಎಲ್ಲಿಂದ ಬಂತು?"

ಆಕೆ ಚೀಲದ ಕಥೆ ಹೇಳಿದಳು, ಸ್ವಲ್ಪ ಹೆಮ್ಮೆಯಿಂದಲೇ. ಡಾಕ್ಟರಮ್ಮ ಫಿಲ್ಮನ್ನು ಕೆಳಗಿಟ್ಟರು.

"ಆ ಹುಡಿಯಲ್ಲಿ ಕಣ್ಣಿಗೆ ಕಾಣದ ನಾರು ಇರುತ್ತೆ ಅಮ್ಮಾ. ಎದೆಗೆ ಇಳಿದ್ರೆ ಕರಗಲ್ಲ. ಇಪ್ಪತ್ತು ಮೂವತ್ತು ವರ್ಷ ಸುಮ್ಮನಿದ್ದು ಆಮೇಲೆ ತಲೆ ಎತ್ತುತ್ತೆ. ಆ ಚೀಲ ಇನ್ನೂ ಇದ್ರೆ ಕೊಡವಬೇಡಿ, ಬಡೀಬೇಡಿ. ನೀರಲ್ಲಿ ನೆನೆಸಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕಟ್ಟಿಡಿ."

ತನ್ನ ಎದೆಯ ಯೋಚನೆ ಆಕೆಗೆ ಅಲ್ಲೇ ಮರೆತುಹೋಯಿತು. ಅಟ್ಟದಲ್ಲಿ ಉಳಿದಿದ್ದ ಕೊನೆಯ ಎರಡು ಚೀಲದಲ್ಲಿ ನಾದಿನಿಯ ಮೊಮ್ಮಗಳಿಗೆ ಪುಟ್ಟ ಹಾಸಿಗೆ ಹೊಲಿದು ಕೊಟ್ಟು ಮೂರು ತಿಂಗಳಾಗಿತ್ತು. ಕೂಸು ಈಗಲೂ ಅದರ ಮೇಲೇ ಮಲಗಿರಬೇಕು.

ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಿಲ್ಲ. ನಿಂತರೆ ಬಸ್ಸು ಬೇಗ ಓಡುತ್ತದೆಯೇ? ಆದರೂ ನಿಂತಳು. ಆಸ್ಪತ್ರೆಗೆ ಜೊತೆಯಲ್ಲಿ ಬಂದಿದ್ದ ಗಂಡ ಪಕ್ಕದಿಂದ ಗೊಣಗಿದ.

"ಮೂವತ್ತು ವರ್ಷ ಅದರಲ್ಲೇ ಮುಳುಗಿ ಎದ್ದವನು ನಾನು. ಗುಂಡುಕಲ್ಲಿನ ಹಾಗಿಲ್ವಾ?"

"ನಿಮ್ಮ ತಂಗಿ ಮೊಮ್ಮಗಳು ಗುಂಡುಕಲ್ಲಲ್ಲ ಕಣ್ರೀ."

"ತಗೊಂಡು ಬಾ, ಬೇಡ ಅನ್ನಲ್ಲ. ಆದ್ರೆ ವಿಷಯ ಬಾಯಿ ಬಿಡಬೇಡ. ಬೀದಿಯವರೆಲ್ಲ ನಮ್ಮ ಮುಖಕ್ಕೆ ಉಗೀತಾರೆ."

ಆ ಮಾತು ಮುಳ್ಳಿನಂತೆ ಚುಚ್ಚಿ ಒಳಗೇ ಉಳಿಯಿತು. ಬಸ್ಸಿಳಿದವಳು ಮನೆಗೆ ಹೋಗದೆ ಸೀದಾ ನಾದಿನಿಯ ಬಾಗಿಲಿಗೆ ಬಂದಳು. ನಾದಿನಿ ನಕ್ಕಳು.

"ಏನತ್ತಿಗೆ, ಪೊಲೀಸರು ಅಟ್ಟಿಸಿಕೊಂಡು ಬಂದ್ರಾ?"

"ಕೂಸಿನ ಹಾಸಿಗೆ ಕೊಡೇ."

"ಕೊಟ್ಟಿದ್ದನ್ನ ಕಿತ್ತುಕೊಳ್ಳೋಕೆ ಬಂದ್ಯಾ? ಇದು ನಮ್ಮಣ್ಣನ ಬುದ್ಧಿ, ನಿನ್ನದಲ್ಲ ಬಿಡು."

ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದು ಹಿಂದೆ ಸರಿಯಿತು. "ಅದರಲ್ಲಿ... ತಿಗಣೆ ಇದೆ ಕಣೇ. ನಮ್ಮ ಅಟ್ಟದಲ್ಲೆಲ್ಲ ತಿಗಣೆ."

ತಿಗಣೆ ಎಂದರೆ ನಾದಿನಿಗೆ ಮೈಯೆಲ್ಲ ಉರಿ. "ಅಯ್ಯಯ್ಯೋ!" ಎಂದವಳೇ ಕೂಸನ್ನೆತ್ತಿ ಅತ್ತಿಗೆಯ ತೋಳಿಗೆ ಹಾಕಿದಳು, ಹಾಸಿಗೆಯನ್ನು ದರದರ ಎಳೆದು ಅಂಗಳದ ಗೋಡೆಗೆ ನೇತುಹಾಕಿದಳು, ಮೂಲೆಯ ಕೋಲು ಹಿಡಿದಳು. "ನಾಲ್ಕು ಬಿಟ್ರೆ ಒಂದೂ ಉಳಿಯಲ್ಲ, ನೋಡ್ತಿರು!"

ಬೇಡ ಎಂದು ಕೂಗಲು ಬಾಯಿ ತೆರೆದರೆ ಕೆಮ್ಮು ಬಂತು, ಮಾತು ಬರಲಿಲ್ಲ. ಕೋಲು ಬಿತ್ತು. ಬಿಸಿಲಿನಲ್ಲಿ ಬಿಳಿ ಹುಡಿ ಎದ್ದಿತು. ಕೋಲು ಕಿತ್ತುಕೊಳ್ಳೋಣವೆಂದರೆ ತೋಳಿನಲ್ಲಿ ಕೂಸು. ಆಕೆ ಅದರ ಮುಖವನ್ನು ಎದೆಗೆ ಒತ್ತಿಕೊಂಡು ಒಳಗೋಡಿ ಬಾಗಿಲು ಹಾಕಿಕೊಂಡಳು. ಕಿಟಕಿಯ ಗಾಜಿನ ಹಿಂದಿನಿಂದ ಅಂತೂ ದನಿ ಹೊರಟಿತು.

"ಬಡೀಬೇಡ್ವೇ! ತಿಗಣೆ ಅಲ್ಲ, ಅದು ವಿಷ! ನನ್ನ ಎದೆಗೆ ಇಳಿದಿರೋದು ಅದೇ! ಬಾಯಿ ಮುಚ್ಚಿಕೊಂಡು ಈಚೆ ಬಾ!"

ಎತ್ತಿದ ಕೋಲು ಎತ್ತಿದಲ್ಲೇ ನಿಂತಿತು.

ನಾದಿನಿಯನ್ನು ಬಾಗಿಲ ಬಳಿ ನಿಲ್ಲಿಸಿಕೊಂಡು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದಳು.

"ಮೂರು ತಿಂಗಳು ಇದರ ಮೇಲೆ ಮಲಗಿದ್ದಾಳೆ, ಅತ್ತಿಗೆ."

"ನನಗೆ ಗೊತ್ತಿರಲಿಲ್ಲ ಕಣೇ."

"ಆಗ ಗೊತ್ತಿರಲಿಲ್ಲ, ಸರಿ. ಈಗ ಗೊತ್ತಿತ್ತಲ್ಲ? ಗೊತ್ತಿದ್ದೂ ತಿಗಣೆ ಅಂದ್ಯಲ್ಲ, ಅದಕ್ಕೇನು ಹೇಳ್ತೀಯ?"

ನಾದಿನಿ ಕೈಕಾಲು ತೊಳೆದು, ಬಟ್ಟೆ ಬದಲಿಸಿ ಬಂದು ಕೂಸನ್ನು ಇಸಿದುಕೊಂಡಳು. ಚೀಲದಕ್ಕ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಹಾಸಿಗೆಯ ಮೇಲೆ ನೀರು ಹನಿಸಿದಳು, ನೆನೆದ ಮೇಲೆ ಬಕೆಟ್ಟುಗಟ್ಟಲೆ ಸುರಿದಳು, ಗೋಡೆ ನೆಲವನ್ನೆಲ್ಲ ಒರೆಸಿದಳು. ಭಾರವಾದ ಮುದ್ದೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಿಗಿಯುವಷ್ಟರಲ್ಲಿ ಮೂರು ಸಲ ಕೂತು ಎದ್ದಳು.

ಬೀದಿಗೆ ಬಂದು ನಿಂತಳು. ಎಷ್ಟು ಮನೆಗೆ ಹೊಲಿದು ಕೊಟ್ಟಿದ್ದಳು? ಹಸಿರು ಬಾಗಿಲಿನವರಿಗೆ ಕೊಟ್ಟ ನೆನಪು. ಎದುರು ಮಹಡಿಯವರಿಗೆ ಕೊಟ್ಟಳೋ ಇಲ್ಲವೋ? ಲೆಕ್ಕ ಸಿಗಲಿಲ್ಲ. ಗಂಡ ಮನೆಯ ಮುಂದೆ ನಿಂತು ಬಾ ಬಾ ಎಂದು ಕೈ ಮಾಡುತ್ತಿದ್ದ. ಆಕೆ ಪಕ್ಕದ ಬಡಗಿಯ ಮನೆಯ ಬಾಗಿಲು ತಟ್ಟಿದಳು.

"ಓಹೋ, ಚೀಲದಕ್ಕ!" ಬಡಗಿಯ ಹೆಂಡತಿಗೆ ಖುಷಿಯೋ ಖುಷಿ. "ನಿನ್ನ ಪರದೆ ನೋಡು, ಹತ್ತು ವರ್ಷ ಆದ್ರೂ ಒಂದು ದಾರ ಬಿಟ್ಟಿಲ್ಲ," ಎನ್ನುತ್ತ ಕೊಡವಿ ತೋರಿಸಲು ಕಿಟಕಿಯತ್ತ ಕೈ ಚಾಚಿದಳು.

"ಮುಟ್ಟಬೇಡ," ಎಂದಳು ಆಕೆ. "ಮೊದಲು ನಾನು ಹೇಳೋದು ಕೇಳು. ಆಮೇಲೆ ಎಷ್ಟು ಬೇಕಾದ್ರೂ ಬೈ."