ಜಗಲಿಯ ಮೇಲಿನ ಅರವತ್ತೇಳನೆಯ ನಂಬರು

ಸೋಮವಾರ ದೇವರ ಸಾಮಾನು ತಿಕ್ಕುವುದು ನನ್ನ ಪಾಲಿನ ಕೆಲಸ. ಅವತ್ತೂ ಹುಣಸೆಹಣ್ಣು ನೆನೆಹಾಕಿ, ಬಚ್ಚಲ ಕಟ್ಟೆಯ ಮೇಲೆ ಕೂತು, ದೀಪದ ಸಮೆ, ಗಂಟೆ, ಆರತಿ ತಟ್ಟೆ ಎಲ್ಲ ತಿಕ್ಕಿ ಮುಗಿಸಿ, ಕೊನೆಗೆ ಬಿಲ್ಲೆಯನ್ನು ಕೈಗೆತ್ತಿಕೊಂಡಿದ್ದೆ. ಅರ್ಧ ಹೊಳೆಯತೊಡಗಿತ್ತು, ಅರ್ಧ ಇನ್ನೂ ಕಪ್ಪಗಿತ್ತು. ಅಷ್ಟರಲ್ಲಿ ಚಿತ್ತಾಪುರಕ್ಕೆ ಹೋಗಿದ್ದ ನಮ್ಮ ಮನೆಯವರ ಫೋನು ಬಂತು. ಕೈಯೆಲ್ಲ ಹುಣಸೆಯಾಗಿತ್ತು, ಕಿರುಬೆರಳಿನಿಂದ ಸ್ಪೀಕರ್ ಒತ್ತಿದೆ. ಬಾಗಿಲ ಹತ್ತಿರ ನಮ್ಮತ್ತೆ ಬತ್ತಿ ಹೊಸೆಯುತ್ತ ಕೂತಿದ್ದರು.

"ದಾಖಲೆ ಸಿಕ್ಕದ," ಅಂದರು ಮನೆಯವರು.

"ಭಾಳ ಛಲೋ ಆತು ಬಿಡ್ರಿ. ದೇವರು ಕಣ್ಣ ತೆರದ."

"ಛಲೋ ಆತೋ ಏನಾತೋ ನನಗ ಗೊತ್ತಿಲ್ಲ. ಅಣ್ಣಗ ಈಗ ನೀರ ಕುಡಸಾಕತ್ತೀನಿ."

ಭಾವನವರಿಗೆ ನೀರು ಕುಡಿಸುವಂಥ ದಾಖಲೆ ಯಾವುದೆಂದು ತಿಳಿಯಬೇಕಾದರೆ ಮೊದಲು ಬಿಲ್ಲೆಯ ಸಂಗತಿ ಹೇಳಬೇಕು.

ಅದು ಅಂಗೈಯಷ್ಟಗಲದ ಹಿತ್ತಾಳೆ ಬಿಲ್ಲೆ. ಎರಡು ಕಡೆ ಎರಡು ತೂತು, ನಡುವೆ ಉರ್ದು ಅಕ್ಷರ. ನಾನು ಶಹಾಬಾದಿನ ಈ ಮನೆಗೆ ಸೊಸೆಯಾಗಿ ಬಂದ ವಾರವೇ ಅದರ ಮಹತ್ವ ಕೇಳಿದ್ದೆ. ನಮ್ಮ ಮನೆಯವರ ಮುತ್ಯಾನಿಗೆ, ಅಂದರೆ ಅಜ್ಜನಿಗೆ, ಹೈದರಾಬಾದಿನ ದರಬಾರು ಮೆಚ್ಚಿ ಕೊಟ್ಟ ಬಿಲ್ಲೆಯಂತೆ. ತೂತುಗಳು ರೇಷ್ಮೆ ದಾರ ಪೋಣಿಸಿ ಕೊರಳಿಗೆ ಹಾಕಲಿಕ್ಕಂತೆ. ಯಾವ ಕೆಲಸಕ್ಕೆ ಮೆಚ್ಚಿದರೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಚಿಂಚೋಳಿ ಅಡವಿಯಲ್ಲಿ ಹುಲಿ ಹೊಡೆದದ್ದಕ್ಕೆ ಅನ್ನುವುದು ಮಕ್ಕಳಿಗೆ ಹೇಳುವ ಮಾತಾಗಿತ್ತು.

ಊರ ತುಂಬ ಉರ್ದು ಬಲ್ಲವರಿದ್ದಾರೆ. ಆದರೂ ಯಾರಿಂದಲೂ ಓದಿಸಿರಲಿಲ್ಲ. ದೇವರ ಜಗಲಿಯ ಮೇಲಿರುವುದನ್ನು ಓದಿಸುವ ಪದ್ಧತಿ ಯಾರ ಮನೆಯಲ್ಲಿದೆ? ವಿಭೂತಿ ಹಚ್ಚುತ್ತೇವೆ, ಪತ್ರಿ ಇಡುತ್ತೇವೆ, ಕೈ ಮುಗಿಯುತ್ತೇವೆ. ನಾನಂತೂ ಮೂವತ್ತು ವರ್ಷ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅಕ್ಷರಗಳನ್ನೇ ಸವೆಸಿಬಿಟ್ಟಿದ್ದೆ. ಭಕ್ತಿ ಹೆಚ್ಚಾದರೆ ಹೀಗಾಗುತ್ತದೆ. ದೇವರ ದಯೆ, ನಂಬರಷ್ಟು ಉಳಿದಿತ್ತು.

ಭಾವನವರು ಸೇಡಂನಲ್ಲಿ ಹೆಡ್‌ಮಾಸ್ತರಾಗಿದ್ದು ನಿವೃತ್ತರಾದವರು. ಪ್ರತಿ ಶ್ರಾವಣದಲ್ಲಿ ನಮ್ಮ ಮೂಲ ಊರಿನ ಮಠದಲ್ಲಿ ಕಾಯಕದ ಮೇಲೆ ಪ್ರವಚನ ಮಾಡುತ್ತಾರೆ. ಕಟ್ಟಿಗೆ ಹೊರೆ ಹೊತ್ತು ಮಾರಿ ಜಂಗಮರಿಗೆ ಉಣಬಡಿಸಿದ ಶರಣರ ಕಥೆ ಬಂದಾಗ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ನಾವೂ ಸೆರಗು ಹಚ್ಚುತ್ತೇವೆ. ಅದೇ ಮಠದಲ್ಲಿ ಹೊಸ ದಾಸೋಹದ ಮನೆ ಕಟ್ಟಿದರು. ಅದರ ಬಾಗಿಲಲ್ಲಿ ನಮ್ಮ ಮನೆತನದ ಹೆಸರಿನ ಕಲ್ಲು ಕೂರಿಸಬೇಕೆಂದು ಭಾವ ನಿಶ್ಚಯಿಸಿದರು. ಶಹಾಬಾದಿನ ಕಲ್ಲು ಎಂದರೆ ನಮಗೇನು ದೂರದ್ದಲ್ಲ. ಒಳ್ಳೆಯ ಚಪ್ಪಡಿ ಆರಿಸಿ, "ದರಬಾರದಿಂದ ಬಿಲ್ಲೆ ಪಡೆದ ಮನೆತನದವರ ಸೇವೆ" ಎಂದು ಕೆತ್ತಿಸಿಯೂ ಆಯಿತು. ಆಗ ಮಠದ ಹಿರಿಯರೊಬ್ಬರು ಮೆಲ್ಲಗೆ ಕೇಳಿದರಂತೆ:

"ಮಾಸ್ತರ್, ಇದಕ್ಕ ಕಾಗದ ಏನರ ಅದ ಏನ್ರಿ? ನಾಳಿ ಮಂದಿ ಕೇಳಿದ್ರ ಏನ್ ಹೇಳೂಣು?"

ಭಾವ ನಮ್ಮ ಮನೆಗೆ ಬಂದು ಸಿಟ್ಟು ತೀರಿಸಿಕೊಂಡರು. "ದೇವರ ಜೋಡಿ ಕುಂತದ ಅದು. ಇನ್ನೇನ ಕಾಗದ ಬೇಕು ಇವರಿಗಿ?"

"ಕಾಗದ ತಂದು ಒಗೀರಿ ಅವರ ಮುಂದ," ಅಂದರು ನಮ್ಮ ಮನೆಯವರು. ಆ ಮಾತು ಆಡಿದ್ದಕ್ಕೆ ಎರಡು ತಿಂಗಳು ಅಣ್ಣನ ಹಿಂದೆ ತಿರುಗಿದರು. ಮೊದಲು ಸೇಡಂ, ಆಮೇಲೆ ಹುಲಿಯ ಸಲುವಾಗಿ ಚಿಂಚೋಳಿ, ಕೊನೆಗೆ ಚಿತ್ತಾಪುರ. ಎಲ್ಲ ಕಡೆ ಇನಾಮಿನ ಕಾಗದ, ಸನದಿನ ಕಾಗದ ಕೇಳಿದ್ದೇ ಕೇಳಿದ್ದು. ಎಲ್ಲಿಯೂ ಮುತ್ಯಾನ ಹೆಸರಿಲ್ಲ. ಹಳೆಯ ಕಾಗದವೆಲ್ಲ ಉರ್ದುವಿನಲ್ಲಿ ಇದ್ದುದರಿಂದ ಚಿತ್ತಾಪುರದ ನಿವೃತ್ತ ಉರ್ದು ಮಾಸ್ತರರೊಬ್ಬರನ್ನು ಜೊತೆಗೆ ಕರೆದುಕೊಂಡರು. ಅವರು ಫೋನಿನಲ್ಲಿ ಬಿಲ್ಲೆಯ ಫೋಟೊ ನೋಡಿ, ನಂಬರನ್ನೂ ಎರಡು ತೂತನ್ನೂ ನೋಡಿ, "ಇನಾಮಿನ ಕಾಗದ ಬಿಡ್ರಿ. ತೆರಿಗಿ-ಲೈಸೆನ್ಸಿನ ಬುಕ್ಕು ತಗಸ್ರಿ," ಅಂದರಂತೆ.

ಆ ಬುಕ್ಕಿನಲ್ಲೇ ಸಿಕ್ಕಿತು.

"ಏನಂತ ಅದರಾಗ?" ಎಂದು ನಾನು ಫೋನಿನಲ್ಲಿ ಕೇಳಿದೆ.

"ನಂಬರ್ ಅರವತ್ತೇಳು. ಮುತ್ಯಾನ ಹೆಸರು, ಅವರಪ್ಪನ ಹೆಸರು, ಊರು, ಎಲ್ಲಾ ಕರೆಕ್ಟ್ ಅದ. ಹಮಾಲಿ ಲೈಸೆನ್ಸ್ ಅಂತ ಅದು. ವಾಡಿ ಸ್ಟೇಷನ್ನು, ಬಜಾರು."

ನನ್ನ ಕೈಯಲ್ಲಿ ಬಿಲ್ಲೆ ಅರ್ಧ ಹೊಳೆಯುತ್ತಲೇ ಇತ್ತು. ತೂತುಗಳಲ್ಲಿ ಇದ್ದದ್ದು ರೇಷ್ಮೆಯ ದಾರವಲ್ಲ, ತೋಳಿಗೆ ಕಟ್ಟುವ ಚರ್ಮದ ಪಟ್ಟಿ. ಅತ್ತೆಯ ಕಡೆ ನೋಡಿದೆ. ಅವರು ತಲೆ ಎತ್ತದೆ ಬತ್ತಿ ಹೊಸೆಯುತ್ತಿದ್ದರು. ಕೇಳಿಸಿಲ್ಲವೆಂದುಕೊಂಡೆ. ಅವರಿಗೆ ಕಿವಿ ಮಂದ. ಬೇಕಾದಾಗ ಮಾತ್ರ ಮಂದ ಎಂಬುದು ಆ ಹೊತ್ತಿನಲ್ಲಿ ಮರೆತುಹೋಗಿತ್ತು.

ಎಂಟುನೂರು ವರ್ಷದ ಹಿಂದಿನವರು ಹೊರೆ ಹೊತ್ತರೆ ಶರಣರು, ನಮ್ಮ ಮುತ್ಯಾ ಹೊತ್ತರೆ ನೀರು ಕುಡಿಸಬೇಕಾಗುತ್ತದೆ. ಇದನ್ನು ನಾನು ಬಾಯಿಬಿಟ್ಟು ಅನ್ನಲಿಲ್ಲ, ಆ ಬುದ್ಧಿ ದೇವರು ಕೊಟ್ಟಿದ್ದಾನೆ.

ಮಧ್ಯಾಹ್ನದ ಹೊತ್ತಿಗೆ ಅಣ್ಣತಮ್ಮಂದಿರು, ಆ ಉರ್ದು ಮಾಸ್ತರರು, ಮೂವರೂ ಬಂದರು. ವಾಡಿಯಲ್ಲಿ ಗಾಡಿ ಬದಲಿಸುವಾಗ ಭಾವ ತಮ್ಮ ಚೀಲ ತಾವೇ ಹೊತ್ತರಂತೆ. ಹಮಾಲನನ್ನು ಕರೆಯಲು ಅವತ್ತು ಅವರಿಗೆ ಬಾಯಿ ಬರಲಿಲ್ಲ. ಪಡಸಾಲೆಯಲ್ಲಿ ಕೂತವರೇ ದನಿ ತಗ್ಗಿಸಿದರು.

"ಅವ್ವಗ ಹೇಳಬ್ಯಾಡ್ರಿ. ಈ ವಯಸ್ಸಿನಾಗ ತಡಕೊಳ್ಳಾಂಗಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ತಂಗಿ, ಆ ಬಿಲ್ಲೆ ಇನ್ನ ಜಗಲಿ ಮ್ಯಾಲ ಇಡಬ್ಯಾಡ. ಎಲ್ಲಿಯರ ಒಂದ ಡಬ್ಬಿನಾಗ ಹಾಕಿಡು," ಅಂದರು.

ಹಿರಿಯರ ಮಾತು. ಆದರೆ ನನಗೆ ಸಂಕಟವಾಯಿತು. ಮಗಳಿಗೆ ಜ್ವರ ಬಂದಾಗ, ಮನೆಯವರ ಆಪರೇಶನ್ ಆದಾಗ ಆ ಜಗಲಿಯ ಮುಂದೆಯೇ ಬೇಡಿಕೊಂಡಿದ್ದೆ. ಬೇಡಿದ್ದರಲ್ಲಿ ಎಷ್ಟೋ ಸಿಕ್ಕಿದೆ. ಅದರಲ್ಲಿ ಜಗಲಿಯ ಮೇಲಿನ ಲಿಂಗಯ್ಯ ಕೊಟ್ಟದ್ದೆಷ್ಟು, ಅರವತ್ತೇಳನೆಯ ನಂಬರಿನ ಹಮಾಲ ಹೊತ್ತು ತಂದದ್ದೆಷ್ಟು ಎಂದು ಈಗ ಹೇಗೆ ಬೇರೆ ಮಾಡುವುದು?

ಮಾಸ್ತರ್ ಸಾಬರು ಕನ್ನಡಕ ಹಾಕಿಕೊಂಡು, ತಾವು ಬರೆದುಕೊಂಡು ಬಂದ ಚೀಟಿ ತೆಗೆದರು. "ಕಡೀ ಕಾಲಮಿನಾಗ ಇನ್ನೊಂದ ಮಾತದರಿ. ಕೆಲಸ ಬಿಡೂ ಮುಂದ ಬಿಲ್ಲೆ ವಾಪಸ್ ಕೊಡಬೇಕಾಗತಿತ್ತು. ಇವರು ಕೊಟ್ಟಿಲ್ಲ. 'ಬಿಲ್ಲೆ ಗುಮ್ ಆಗ್ಯಾದ', ಅಂದ್ರ ಕಳದ ಹೋಗ್ಯಾದ, ಅಂತ ಬರಸ್ಯಾರ. ಕೆಳಗ ಹೆಬ್ಬಟ್ಟ ಅದ. ಬರದಾವರು ಮಗ ಅಂತ ಸಹಿ ಅದ. ಅಕ್ಷರ ಮುತ್ತಿನಾಂಗ ಅವರಿ."

ಆ ಮಗ ಎಂದರೆ ನಮ್ಮ ಮಾವ. ಆಗ ಸಾಲೆ ಕಲಿಯುವ ವಯಸ್ಸು. ಮುಂದೆ ಊರಿಗೇ ಮಾಸ್ತರಾದವರು, ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವರು.

ಭಾವನ ಮುಖ ಇನ್ನಷ್ಟು ಇಳಿಯಿತು. "ಡಬ್ಬಿನಾಗ ಹಾಕಿಡು," ಎಂದು ಮತ್ತೊಮ್ಮೆ ಅಂದರು.

"ಏನ ಡಬ್ಬಿನಾಗ ಹಾಕತೀರಿ?"

ಅತ್ತೆ ಗೋಡೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. "ಏನಿಲ್ಲವ್ವ," ಅಂದರು ಭಾವ.

"ಮುಂಜಾನಿ ಫೋನಿನಾಗ ಎಲ್ಲಾ ಕೇಳೀನಿ. ಹಮಾಲರ ಬಿಲ್ಲೆ ಅದ, ಹೌದಿಲ್ಲೋ?" ಅತ್ತೆ ಅಲ್ಲೇ ಕೆಳಗೆ ಕೂತರು. "ನಿಮ್ಮಪ್ಪ ಯಾವ ಸಾಲ್ಯಾಗ ಕಲತಿದ್ರು?"

"ಚಿತ್ತಾಪುರದ ಉರ್ದು ಸಾಲ್ಯಾಗ."

"ಅವರಿಗಿ ಉರ್ದು ಓದಾಕ ಬರತಿತ್ತೋ ಇಲ್ಲೋ?"

ನನಗೆ ಆಗಲೇ ಹೊಳೆದದ್ದು. ಅಕ್ಷರ ಸವೆಯುವ ಮೊದಲು ಅದನ್ನು ಓದಬಲ್ಲವರು ನಮ್ಮ ಮನೆಯಲ್ಲೇ ಒಬ್ಬರಿದ್ದರು, ಅದನ್ನು ಜಗಲಿಯ ಮೇಲಿಟ್ಟವರೂ ಅವರೇ.

"ದಿನಾ ಅದಕ್ಕ ಕೈ ಮುಗದು ಸಾಲಿಗಿ ಹೋಗತಿದ್ರು," ಅಂದರು ಅತ್ತೆ. "ಓದಾಕ ಬರಾವರು ಕೈ ಮುಗದಾರ. ಓದಾಕ ಬರಲಾರದವರು ಡಬ್ಬಿನಾಗ ಹಾಕಾಕತ್ತೀರಿ."

"ನಿನಗ ಮೊದಲ ಗೊತ್ತಿತ್ತೇನವ್ವಾ?"

"ನನಗೇನ ಹೇಳಿದ್ದಿಲ್ಲಪ. 'ಇದರಿಂದ ನಮ್ಮನಿ ಅದ, ಕೈ ಮುಗಿ' ಅಂದ್ರು, ಮುಗದೀನಿ. ದರಬಾರ, ಹುಲಿ ಅಂತ ಮಾಡಿದಾವರು ನೀವು ಅಣ್ಣತಮ್ಮರು."

"ಆದ್ರೂ ಅಪ್ಪ ಸುಳ್ಳ ಬರದಾರಲ್ಲವ್ವ. ಮನ್ಯಾಗ ಇಟಗೊಂಡು ಗುಮ್ ಆಗ್ಯಾದಂತ."

"ಖರೇ ಬರದಿದ್ರ ಬಿಲ್ಲೆ ಕೊಡಬೇಕಾಗತಿತ್ತು. ಕೊಟ್ಟಿದ್ರ ನೀ ಯಾತರ ಮ್ಯಾಲ ಕಲ್ಲ ಕೆತ್ತಸತಿದ್ದಿ?"

ನಮ್ಮ ಮನೆಯವರು ಕಿಟಕಿಯ ಕಡೆ ಮುಖ ಮಾಡಿ ನಕ್ಕರು. ಮಾಸ್ತರ್ ಸಾಬರು ಚೀಟಿ ಮಡಚುತ್ತ, "ಸರಕಾರದ ಮಾಲ್ ಅದರಿ ಅದು. ಈಗರ ವಾಪಸ್ ಕೊಡತೀರೇನು?" ಎಂದು ಭಾವನನ್ನು ಕೆಣಕಿದರು.

"ಯಾರಿಗಿ ಕೊಡೂದ್ರಿ? ಆ ಸರಕಾರನೇ ಗುಮ್ ಆಗ್ಯಾದ," ಅಂದರು ಭಾವ. ಅಂದ ಮೇಲೆ ತಾವೇ ಸ್ವಲ್ಪ ಹಗುರಾದರು. ನೀರು ಕುಡಿದು, ಗಂಟಲು ಸರಿ ಮಾಡಿಕೊಂಡು, "ವಾಡಿ ಎಂಥಾ ಜಂಕ್ಷನ್ನು. ದರಬಾರದ ಮಂದಿ ಸಾಮಾನ ಅಲ್ಲೇ ಇಳೀತಿತ್ತು. ಮುತ್ಯಾನೇ ಹೊತ್ತಿರಬೇಕು," ಅಂದರು.

"ಹೊತ್ತಿರಬೇಕಣ್ಣ," ಅಂದರು ಮನೆಯವರು. "ಆದ್ರ ಕಲ್ಲು ಬ್ಯಾಡ."

ಕಲ್ಲು ಮಠಕ್ಕೆ ಹೋಗಲಿಲ್ಲ. ದಾಸೋಹಕ್ಕೆ ಹೆಸರಿಲ್ಲದೆ ಎರಡು ಚೀಲ ಜೋಳ ಹೋಯಿತು. ಕೆತ್ತಿಸಿದ ಚಪ್ಪಡಿ ನಮ್ಮ ಹಿತ್ತಲಿಗೆ ಬಂತು, ಅಕ್ಷರ ನೆಲದ ಕಡೆಗೆ. ಅದರ ಬೆನ್ನು ತರಿತರಿಯಾಗಿರುವುದರಿಂದ ಬಟ್ಟೆ ಒಗೆಯಲು ಬಹಳ ಅನುಕೂಲ. ಇಷ್ಟು ದೊಡ್ಡ ಒಗೆಯುವ ಕಲ್ಲು ಈ ಓಣಿಯಲ್ಲಿ ಯಾರಿಗೂ ಇಲ್ಲ, ಅದೂ ಒಂದು ಕೃಪೆಯೇ. ಭಾವ ಮರು ಶ್ರಾವಣದಲ್ಲಿಯೂ ಪ್ರವಚನ ಮಾಡಿದರು. ಕಟ್ಟಿಗೆ ಹೊರೆಯ ಕಥೆಗೆ ಬಂದಾಗ ಎಂದಿನಂತೆ ಕಣ್ಣೊರೆಸಿಕೊಂಡರು. ನಂಬರು ಮಾತ್ರ ಹೇಳಲಿಲ್ಲ.

ಅವತ್ತು ಮಧ್ಯಾಹ್ನ ನಾನು ಬಚ್ಚಲಿಗೆ ಹೋಗಿ ಬಿಲ್ಲೆಯ ಉಳಿದರ್ಧ ತಿಕ್ಕಿದೆ. ಈ ಸಲ ನಂಬರಿನ ಮೇಲೆ ಬೆರಳು ಒತ್ತಲಿಲ್ಲ. ತೊಳೆದು ಒರೆಸಿ ತಂದರೆ ಭಾವ ಕೈ ಚಾಚಿ ಇಸಿದುಕೊಂಡರು. ಎರಡೂ ತೂತುಗಳನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಎದ್ದು ಹೋಗಿ ಜಗಲಿಯ ಮೇಲೆ, ಮೊದಲಿದ್ದ ಜಾಗದಲ್ಲೇ ಇಟ್ಟು, ವಿಭೂತಿ ಹಚ್ಚಿದರು.

"ಮಾಸ್ತರ್ ಸಾಬ, ಉಂಡೇ ಹೋಗಬೇಕ ನೋಡ್ರಿ," ಅಂದರು ಅತ್ತೆ. "ಕುಂದ್ರಿ."

ಇದ್ದ ಅಡಿಗೆ ಮೂವರಿಗೆ ಸಾಲುವಂತಿತ್ತು, ಉಣ್ಣುವವರು ಐವರು. ನಾನು ಮೊರ ತೆಗೆದುಕೊಂಡು, ಬೆಳಿಗ್ಗೆ ತಂದಿಟ್ಟಿದ್ದ ಪುಂಡಿ ಸೊಪ್ಪಿನ ಕಟ್ಟು ಬಿಚ್ಚಿ, ಎಲೆ ಬಿಡಿಸತೊಡಗಿದೆ.